ಅಳಿಸುವ ರಬ್ಬರು

ಮೂರು ಸಲ ಕೀ ಎಂದು ಕೂಗಿತು,
ಆಮೇಲೆ ಬರೀ ಕಪ್ಪು.
ಗಾಜಿನ ಮುಖಕ್ಕೆ ಒಂದು ತಟ್ಟಿದೆ. ಇನ್ನೊಂದು.
ಕಬ್ಬನ್‌ಪೇಟೆಯ ನನ್ನ ಅಂಗಡಿಯಲ್ಲಿ
ಮಿಷನ್ನುಗಳೆಲ್ಲ ಒಮ್ಮೆಗೇ ನಿಂತು ನೋಡಿದವು.

ಹನ್ನೊಂದು ವರ್ಷದ ಅಳತೆ ಅದರೊಳಗೆ:
ಎದೆ ಮೂವತ್ತಾರೂವರೆ, ತೋಳು ಒಂಬತ್ತು,
ಹಿಂದೆ ಡೀಪ್ ಬೇಡ, ಅತ್ತೆ ಬಯ್ಯುತ್ತಾರೆ.
ಇಲಿ ಪುಸ್ತಕ ತಿಂದ ವರ್ಷ
ಭಾಮೈದ ಕೂತು ಟೈಪು ಮಾಡಿಕೊಟ್ಟದ್ದು.

ಹಳೇ ಲುಂಗಿಯಲ್ಲಿ ಪೆಟ್ಟಿಗೆ ಸುತ್ತಿ
ಕಂಕುಳಲ್ಲಿ ಇರುಕಿಕೊಂಡು ಎಸ್.ಪಿ. ರೋಡಿಗೆ ನಡೆದೆ.
ಮೆಟ್ಟಿಲ ಕೆಳಗಿನ ಗೂಡು, ತಬಸ್ಸುಮ್ ಅಂಗಡಿ.
ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಹುಬ್ಬೇರಿಸಿದಳು.
"ಸಿಪಿಯು ಸತ್ತೋಯ್ತಮ್ಮ."
"ಯಾವುದಕ್ಕೆ ಸಿಪಿಯು ಅಂತೀರ?"
ಪೆಟ್ಟಿಗೆ ತೋರಿಸಿದೆ.

"ಅಂಗಡಿಗೇ ಟೈಲರ್ ಅಂತಾರಾ ಅಂಕಲ್,
ಶಟರು ಬೋರ್ಡು ಸ್ಟೂಲು ಎಲ್ಲಾ ಸೇರಿಸಿ?
ಟೈಲರು ಇಲ್ಲಿ ಕೂತಿದಾನೆ ನೋಡಿ,
ಫ್ಯಾನಿನ ಕೆಳಗೆ."
ಒಂದು ಬಿಸ್ಕತ್ತಿನಷ್ಟೂ ಇರಲಿಲ್ಲ ಅವನು.

"ಹೊಡೆದ್ರಾ?"
ಮಾನಿಟರಿಗೆ, ಒಂದೆರಡು, ಅಂದೆ.
"ಅದು ನಿಲುಗನ್ನಡಿ. ಬ್ಲೌಸು ಬಿಗಿಯಾದ್ರೆ
ಯಾರಾದ್ರೂ ಕನ್ನಡಿಗೆ ಹೊಡೀತಾರಾ?"
ನನ್ನ ಗಿರಾಕಿಗಳನ್ನು ಅವಳು ನೋಡಿಲ್ಲ.

ಒಳಗೆ ನನ್ನದೇ ಅಂಗಡಿ ಧೂಳು:
ಲೈನಿಂಗಿನ ನವಿರು, ಫಾಲಿನ ಎಳೆ,
ಯಾವುದೋ ಮದುವೆಯ ಮೆಜೆಂತಾ ರೇಷ್ಮೆ
ಫ್ಯಾನಿನ ಕೊರಳಿಗೆ ಸುತ್ತಿಕೊಂಡು.
ನಾಚಿಕೆಯಾಯಿತು, ಹೊಲಿಯದ ಅಂಗಿ ತೊಟ್ಟು ಸಿಕ್ಕಿಬಿದ್ದವನ ಹಾಗೆ.

"ನೆನಪು ಹೋಯ್ತಾ?"
"ಯಾವ ನೆನಪು? ಎರಡಿದೆ."
ಒಂದು ಹಸಿರು ಪಟ್ಟಿ ಕಿತ್ತು ಬೆಳಕಿಗೆ ಹಿಡಿದಳು,
ಅಂಚಿಗೆ ಸಣ್ಣ ಜರಿ.
"ಇದು ರ‍್ಯಾಮ್. ನಿಮ್ಮ ಕಟಿಂಗ್ ಮೇಜು.
ಈಗ ಕೈಯಲ್ಲಿರೋ ಕೆಲಸ ಮಾತ್ರ ಇದರ ಮೇಲೆ.
ಕರೆಂಟು ಹೋದ್ರೆ ಗುಡಿಸಿದ ಹಾಗೆ ಖಾಲಿ.
ಅದು ಹಾರ್ಡ್ ಡಿಸ್ಕ್, ಬೀರು.
ಬೀಗ ಹಾಕಿ ಊರಿಗೆ ಹೋದ್ರೂ ಬಟ್ಟೆ ಅಲ್ಲೇ ಇರತ್ತೆ."

ಮತ್ತೆ ಈ ದೊಡ್ಡ ಹಲಗೆ, ಮದರ್‌ಬೋರ್ಡು?
"ನೆಲ ಅನ್ನಿ." ಸ್ವಲ್ಪ ತಡೆದು,
"ಅಲ್ಲ, ನೆಲಕ್ಕೆ ದಾರಿ ಇರಲ್ಲ. ಪೇಟೆ.
ಇಷ್ಟು ಗಲ್ಲಿ, ಯಾರೂ ಯಾರಿಗೂ ಡಿಕ್ಕಿ ಹೊಡೆಯಲ್ಲ."
ಹೊರಗೆ ಗೂಡ್ಸ್ ಆಟೋ ಒಂದೇ ಸಮ ಹಾರನ್ನು ಹೊಡೆಯುತ್ತಿತ್ತು.

ತಮ್ಮನ ಜಾಮಿಟ್ರಿ ಬಾಕ್ಸಿನಿಂದ ರಬ್ಬರು ತೆಗೆದಳು,
ಒಂದು ಮೂಲೆ ಅವನು ಕಚ್ಚಿ ತಿಂದದ್ದು.
ಜರಿ ಅಂಚಿಗೆ ಉಜ್ಜತೊಡಗಿದಳು.
"ಅಯ್ಯೋ, ಅಳಿಸಿಹೋದೀತು!"
ಅವಳು ನಗಲಿಲ್ಲ, ಉಜ್ಜಿದಳು.
ಕಪ್ಪು ಪುಡಿ ಉದುರಿತು. ಒರೆಸಿದಳು.
ಬೆರಳೊತ್ತಿ ಕೂರಿಸಿದಾಗ ಟಕ್,
ಪ್ರೆಸ್ ಬಟನ್ ಕೂತ ಸದ್ದು.

ಒಂದೇ ಒಂದು ಕೂಗು.
"ಒಂದಾದ್ರೆ ಕ್ಷೇಮ," ಅಂದಳು.

ಪರದೆ ತುಂಬ ಹೆಸರುಗಳು ಇಳಿದು ಬಂದವು.
ನಾಗವೇಣಿ ಟೀಚರು, ಕಾಲರ್ ಇರಲಿ, ಕೈ ಉದ್ದ.
ಹೋಗಿ ಮೂರು ವರ್ಷ ಆಯಿತು.
"ಹಳೇದು ತೆಗೆದುಹಾಕಲಾ?"
ಬೀರುವಿನಲ್ಲಿ ಜಾಗ ಇದೆಯಾ, ಕೇಳಿದೆ.
"ಮುಕ್ಕಾಲು ಖಾಲಿ."
ಹಾಗಾದರೆ ಇರಲಿ.

ನೂರೈವತ್ತು ರೂಪಾಯಿ ಕೊಟ್ಟು ಪೆಟ್ಟಿಗೆ ಎತ್ತಿಕೊಳ್ಳುವಾಗ ಕಂಡಿತು:
ಭಾರ ಹೊತ್ತು ಹೊತ್ತು ಅವಳ ಎಡ ಭುಜ
ಅರ್ಧ ಇಂಚು ಇಳಿದಿದೆ.
ಹೇಳಲಿಲ್ಲ.
ಬಂದು, ಶಟರು ಅರ್ಧ ಎತ್ತಿ,
ಮೊದಲು ಬರೆದಿಟ್ಟೆ.