ಆಚೆಯಿಂದ ಶುರುವಾದ ನಕ್ಷೆ

ಕಾರು ಬಾರದ ದಾರಿ ಇದೆಯೇ ಎಂದು ಕೇಳಿದರು,
ಅಂಕೋಲೆಯಿಂದ ಗೋಕರ್ಣದ ತನಕ.
ಹಿಂದಿ ಅರ್ಧ, ಕೈಸನ್ನೆ ಅರ್ಧ.
ಗಂಡ ಹೆಂಡತಿ, ಬಿಸಿಲಿಗೆ ಮೂಗು ಸುಲಿದವರು.
ಹಿಂದಿನ ಚಕ್ರದ ಎರಡೂ ಕಡೆ ಚೀಲ,
ಹ್ಯಾಂಡಲ್ಲಿಗೆ ಒಗೆದು ಒಣಹಾಕಿದ ಕಾಲುಚೀಲ.

ಫ್ರಾನ್ಸಂತೆ. ಅಲ್ಲಿ ಕಾಲುವೆಯ ದಂಡೆಗುಂಟ
ಸೈಕಲ್ಲಿಗೆಂದೇ ದಾರಿ ಬಿಟ್ಟಿದ್ದಾರಂತೆ,
ರೈಲು ನಿಂತುಹೋದ ಕಡೆ ಹಳಿ ಕಿತ್ತು
ಅದರ ಮೇಲೂ ಸೈಕಲ್ಲೇ ಅಂತೆ.
ಊರಿಂದೂರಿಗೆ ಬೋರ್ಡು. ಹಾರ್ನಿಲ್ಲ.
ಟ್ಯೂಬನ್ನು ಬೋಗುಣಿಯ ನೀರಿಗೆ ಅದ್ದಿ
ಗುಳ್ಳೆ ಹುಡುಕುತ್ತ ಹೇಳಿದೆ:
ಇದೆ. ಬೋರ್ಡು ಮಾತ್ರ ಇಲ್ಲ.

ಟ್ಯೂಬಿನ ಡಬ್ಬಿ ಬಿಡಿಸಿ ಒಳಮೈಗೆ ಗೆರೆ ಎಳೆದೆ.
ಮೊದಲು ಗಾಳಿಮರದ ತೋಪು. ಮರಳು ಆಳ, ಇಳಿದು ತಳ್ಳಿ.
ಬೆಳಂಬಾರದಲ್ಲಿ ಶಾಲೆಯ ಹಿಂದೊಂದು ದಣಪೆ,
ತೆಗೆದರೆ ಮುಚ್ಚಿ;
ಎಮ್ಮೆ ನಿಮ್ಮದಲ್ಲ, ಗದ್ದೆಯೂ ನಿಮ್ಮದಲ್ಲ.
ಗಜನಿಯ ಒಡ್ಡು ಒಂದು ಸೈಕಲ್ಲಿನಷ್ಟೇ ಅಗಲ:
ಎದುರಿಗೆ ಬಲೆ ಹೊತ್ತವನು ಬಂದರೆ
ನೀವೇ ನಿಲ್ಲಬೇಕು, ಅವನ ಹೆಗಲು ಒದ್ದೆ.
ಮಂಜಗುಣಿಯಲ್ಲಿ ಹೊಳೆ. ಬೊಮ್ಮು ಅಂಬಿಗನನ್ನು ಕೂಗಿ.
ಸೈಕಲ್ಲಿಗೆ ಬೇರೆ ದುಡ್ಡು ಕೇಳುತ್ತಾನೆ,
ಅವನ ಮೊಮ್ಮಗನಿಗೆ ಬೆಲ್ಲು ಹೊಡೆಯಲು ಕೊಟ್ಟರೆ ಬಿಡುತ್ತಾನೆ.
ಆಚೆ ಉಪ್ಪಾಗರ. ಬೆಳಿಗ್ಗೆಯಾದರೆ
ಒಂದು ಸೈಕಲ್ಲು ಎರಡಾಗಿ ಕಾಣುತ್ತದೆ,
ಕೆಳಗಿನದನ್ನು ನೋಡುತ್ತ ತುಳಿದರೆ ಬೀಳುತ್ತೀರಿ.

ಇದನ್ನೆಲ್ಲ ನಾನು ಹುಡುಕಿದ್ದು ಶೋಕಿಗಲ್ಲ.

ರಸ್ತೆ ಅಗಲವಾದ ವರ್ಷ
ಹೊನ್ನಮ್ಮನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು
ತೌರಿಗೆ ಬಿಡಲು ಹೊರಟಿದ್ದೆ.
ಲಾರಿ ತಾಗಲಿಲ್ಲ. ಲಾರಿಯ ಗಾಳಿ ತಾಗಿತು.
ಮಡಿಲಿನ ಬಾಳೆಗೊನೆ ಚರಂಡಿಗೆ, ಇವಳು ಜಲ್ಲಿಗೆ.
ಮೊಣಕೈಯ ಗಾಯ ಹದಿನೈದು ದಿನಕ್ಕೆ ಒಣಗಿತು.
ಡಾಂಬರು ಕಂಡರೆ ಸೆರಗು ಬಿಗಿಹಿಡಿಯುವುದು
ಒಣಗಲಿಲ್ಲ.
ಬಸ್ಸು ಒಲ್ಲಳು, ರಿಕ್ಷಾ ಒಲ್ಲಳು.
ಸಾಣಿಕಟ್ಟಾದ ಆಗರದಲ್ಲಿ ಅವಳ ತಾಯಿ
ಉಪ್ಪು ಎಳೆಯುವುದು ನಿಲ್ಲಿಸಿ, ಹಣೆಗೆ ಕೈಯಿಟ್ಟು,
ಬಂದ ಸೈಕಲ್ಲುಗಳನ್ನೆಲ್ಲ ನೋಡುತ್ತಿದ್ದಳಂತೆ.
ಅದಕ್ಕೇ ಪ್ರತಿ ಆದಿತ್ಯವಾರ ಅಂಗಡಿಗೆ ಬೀಗ ಹಾಕಿ
ಒಂದೊಂದು ಓಣಿಗೆ ಚಕ್ರ ಹಾಕಿದೆ.
ಕೆಲವು ಬಾವಿಕಟ್ಟೆಗೆ ಮುಗಿದವು,
ಒಂದು ನಾಯಿಯ ಬಾಯಿಗೆ.
ಎರಡು ಮಳೆಗಾಲ ಹೋಯಿತು. ದಾರಿ ಕೂಡಿತು.

"ಇಳಿತದ್ದು ಹೇಳಿದ್ರಾ?" ಒಳಗಿಂದ ಅವಳೇ.
"ಹುಣ್ಣಿಮೆ ಅಮಾಸೆಗೆ ಒಡ್ಡಿನ ಮೇಲೆ ನೀರು ಬರ್ತದೆ,
ಭರತ ಇಳಿದ ಮೇಲೇ ಹೋಗ್ಲಿಕ್ಕೆ ಹೇಳಿ."
ಒದ್ದೆ ಕೈ ಸೀರೆಗೆ ಒರೆಸುತ್ತ ಬಂದು
ರಟ್ಟನ್ನು ಬಗ್ಗಿ ನೋಡಿದಳು.
"ಎಲ್ಲಿಂದ ಶುರು ಮಾಡೀರಿ?"
ಗಾಳಿಮರದಿಂದ, ಅಂದೆ.
"ಗಾಳಿಮರ ರಸ್ತೆಯ ಆಚೆ.
ಇವರು ನಿಂತದ್ದು ಈಚೆ."

ಸುಮ್ಮನಾದೆ. ಅಂಗಡಿಯ ಬಾಗಿಲಿಂದ
ಇಪ್ಪತ್ತು ಹೆಜ್ಜೆಗೆ ಹೆದ್ದಾರಿ, ನಾಲ್ಕು ಪಟ್ಟಿ, ನಡುವೆ ಕಟ್ಟೆ.
ಪ್ರತಿ ಸಲ ದಾಟುವಾಗ ಅವಳು ಕಣ್ಣು ಮುಚ್ಚುತ್ತಾಳೆ,
ನನ್ನ ಅಂಗಿಯನ್ನು ಹಿಡಿದು.
ಆಚೆ ಹೋಗಿ ನೋಡಿದರೆ ಒಂದು ಗುಂಡಿ ಇರುವುದಿಲ್ಲ.
ಅದು ದಾರಿಗೆ ಸೇರಿದ್ದಲ್ಲ ಎಂದು
ಮಾತಾಡದೆಯೇ ಇಬ್ಬರೂ ಒಪ್ಪಿಕೊಂಡಿದ್ದೆವು.

ಪೆನ್ಸಿಲ್ಲು ತೆಗೆದುಕೊಂಡಳು.
ರಟ್ಟಿನ ಅಂಚಿಗೆ, ಜಾಗವೇ ಇಲ್ಲದ ಕಡೆ,
ಎರಡು ಗೆರೆ ಎಳೆದಳು, ಮೊನೆ ಮುರಿಯುವಷ್ಟು ಒತ್ತಿ.
ಕನ್ನಡ ಬಾರದವರಿಗೆ ಕನ್ನಡದಲ್ಲೇ ಹೇಳಿದಳು:
"ಇಲ್ಲಿ ಇಳೀರಿ. ಎರಡೂ ಬದಿ ನೋಡಿ.
ಮತ್ತೆ, ಒಬ್ಬರನ್ನ ಒಬ್ಬರು ಹಿಡ್ಕೊಳ್ಳಿ."

ಅವರು ದಾಟುವ ತನಕ ಬಾಗಿಲಲ್ಲೇ ನಿಂತು ನೋಡಿದಳು,
ಕಣ್ಣು ಬಿಟ್ಟುಕೊಂಡೇ.
ನಾನು ಅವಳನ್ನು ನೋಡುತ್ತ
ಪಂಚರಿನ ದುಡ್ಡು ಕೇಳುವುದನ್ನೇ ಮರೆತೆ.