ಚಮಚ

ಝೂರಾಬ್ ಒಲೆಯೊಳಗೆ ಬಗ್ಗಿ ಹಿಟ್ಟನ್ನು
ಗೋಡೆಗೆ ಬಡಿಯುತ್ತಾನೆ, ಛಟ್ಟೆಂದು.
ಬೆಂಚಿನ ಕೆಳಗಿನ ಬೆಕ್ಕು ಕೂಡ ಕಿವಿ ನಿಮಿರಿಸುತ್ತದೆ.
ನುತ್ಸಾ ನನ್ನ ಹಳೇ ಕೋಟಿನ ಗುಂಡಿ
ತಿರುಗಿಸುತ್ತಾ ಕೂತಿರುತ್ತಾಳೆ.

ಎರಡು ವರ್ಷ, ಮೂರು ತಿಂಗಳು.
ಮಾತು ಎರಡು. ಅದರಲ್ಲೊಂದು
ನನಗೆ ಮಾತ್ರ ಕೇಳಿಸಿದ್ದು,
ಲೆಕ್ಕಕ್ಕಿಲ್ಲ ಎನ್ನುತ್ತಾನೆ ಇವನು.
ಇನ್ನೊಂದು ‘ಮಾಮಾ’. ನಮ್ಮ ಜಾರ್ಜಿಯಾದಲ್ಲಿ
ಹಾಗೆಂದರೆ ಅಪ್ಪ. ಅಮ್ಮನಿಗೆ ‘ದೇದಾ’.
ಆ ದಕಾರ ಇನ್ನೂ ಅವಳ ನಾಲಿಗೆಗೆ ಹತ್ತಿಲ್ಲ.

ಅತ್ತೆಗೆ ಚಿಂತೆಯಿಲ್ಲ: “ಇವನೂ ನಾಲ್ಕಕ್ಕೇ
ಬಾಯಿ ಬಿಟ್ಟದ್ದು. ಈಗ ಮುಚ್ಚಿಸು ನೋಡೋಣ.”

ಯಾರೂ ಇಲ್ಲದಾಗ ನಾನು ಕಳ್ಳಿ.
ಅವಳ ಬೆನ್ನ ಹಿಂದೆ ಚಮಚ ಬೀಳಿಸುತ್ತೇನೆ.
ಒಮ್ಮೆ ತಿರುಗಿದಳು, ಎದೆ ಝಲ್ಲೆಂದಿತು.
ನನ್ನ ನೆರಳು ಅವಳ ಕೈಮೇಲೆ ಬಿದ್ದಿತ್ತು, ಅಷ್ಟೇ.
ಈಗ ದೀಪ ನೋಡಿಕೊಂಡು ನಿಲ್ಲುತ್ತೇನೆ.

ಕುತೈಸಿಯ ಆಸ್ಪತ್ರೆಯಲ್ಲಿ ಕಿವಿಗೊಂದು ಸಣ್ಣ ಕೊಳವೆ.
ಕಾಗದದ ಮೇಲೆ ಗುಡ್ಡ ಏಳಬೇಕಂತೆ;
ನಮ್ಮದು ಬಯಲು, ಎರಡೂ ಕಡೆ.
ತಮಟೆಯ ಹಿಂದೆ ನೀರು ನಿಂತಿದೆ ಅಂದರು ಡಾಕ್ಟರು,
ಇಳಿಯಲೂಬಹುದು, ಮಾರ್ಚಿನಲ್ಲಿ ಬನ್ನಿ.
ಅಷ್ಟೇನಾ ಎಂದು ಕೇಳಲಿಲ್ಲ ನಾನು,
ಕೇಳಿದರೆ ಇನ್ನೊಂದು ಹೇಳಿಯಾರು ಎಂದು.

ಹನ್ನೊಂದಕ್ಕೆ ರೊಟ್ಟಿಗೆ ಬರುವ ಮೇಷ್ಟ್ರು
ಕಿಟಕಿಯಲ್ಲಿ ಬಗ್ಗಿ ಕೇಳುತ್ತಾರೆ,
“ನಿನ್ನ ಹೆಸರೇನು ಪುಟ್ಟಿ?”
ಮಗುವಿಗೆಂದು ಎಷ್ಟು ಹೊತ್ತು ಕಾಯಬೇಕೋ
ಅದರ ಅರ್ಧಕ್ಕೇ ನಾನು ಬಾಯಿ ಹಾಕುತ್ತೇನೆ:
ನುತ್ಸಾ, ನುತ್ಸಾ ಅಂತ, ಚಿಲ್ಲರೆ ಎಣಿಸುತ್ತಾ.

ಅವಳು ನನ್ನ ತುಟಿ ನೋಡುತ್ತಾಳೆ,
ಒಲೆಯಲ್ಲಿ ರೊಟ್ಟಿ ಕೆಂಪಾಗುವುದನ್ನು
ನೋಡುವ ಹಾಗೆ.