ವಯಸ್ಸಿಗೆ ಮೂರು ಸೇರಿಸು

ರಾತ್ರಿ ಎರಡೂಕಾಲಿಗೆ ಮೇಲಿನ ಮಹಡಿಯಿಂದ
ಆಯಾ ಗುತ್ಯಮ್ಮ ಇಳಿದು ಬಂದಳು
ಅಂಗೈ ಮುಚ್ಚಿಕೊಂಡು,
ಮಿಂಚುಹುಳ ಹಿಡಿದು ತಂದವರ ಹಾಗೆ.
ಒಳಗೆ ಎರಡು ಪುಟ್ಟ ಸೀಸೆ, ಒಂದು ಗಾಜಿನ ಎಳೆ.
ಲೇಬಲ್ಲಿನ ಮೇಲೆ ಸಿಸ್ಟರ್ ಡೆಲ್ಫಿನ್ ಅವರ ಓರೆ ಅಕ್ಷರ:
ಬೇಬಿ ಆಫ್ ಹಾಲಮ್ಮ. ಹೆಣ್ಣು. ಎರಡು ದಿನ.
ಸಾವಿರದ ಎಂಟುನೂರ ನಲವತ್ತು ಗ್ರಾಂ.

ಜ್ವರ ಇಲ್ಲವಂತೆ. ಅಳುವೂ ಇಲ್ಲ.
ಸಂಜೆಯಿಂದ ಹಾಲು ಬೇಡವೆಂದಿದೆ, ಅಷ್ಟೆ.
ಇಷ್ಟು ಚಿಕ್ಕವರಲ್ಲಿ ರೋಗಕ್ಕೆ ಗಂಟಲಿರುವುದಿಲ್ಲ.
ಬಾಗಿಲು ಬಡಿಯದೆ ಬಂದು
ತಣ್ಣಗೆ ಒಳಗೆ ಕೂತಿರುತ್ತದೆ.

ನಾನು ಮಗುವನ್ನು ನೋಡಿಲ್ಲ.
ಹನ್ನೊಂದು ವರ್ಷದ ರಾತ್ರಿಪಾಳಿಯಲ್ಲಿ ಯಾವ ಮಗುವನ್ನೂ.
ನನಗೆ ಬರುವುದು ಒಂದೂವರೆ ಎಂ.ಎಲ್. ಕೆಂಪು.

ಗಾಜಿನ ಎಳೆಯನ್ನು ಮೇಣದಲ್ಲಿ ನೆಟ್ಟಗೆ ನಿಲ್ಲಿಸಿದೆ.
ಕೆಂಪು ಎಷ್ಟು ಕೆಳಗಿಳಿಯಿತೆಂದು ಒಂದು ಗಂಟೆ ಕಾಯಬೇಕು.
ಸಾಗರ ರಸ್ತೆಯಲ್ಲಿ ಯಾವುದೋ ಲಾರಿ ಗೇರು ಬದಲಿಸಿತು.
ಈ ಲೆಕ್ಕ ಕಲಿಸಿದವರು ಇನಾಯತ್ ಸಾಹೇಬರು:
“ದಿನದ ವಯಸ್ಸಿಗೆ ಮೂರು ಸೇರಿಸು ಮಾರಾಯ,
ಅದರೊಳಗೆ ನಿಂತರೆ ಕಾಲು ಚಾಚು.”
ಎರಡಕ್ಕೆ ಮೂರು, ಐದು.
ಒಂಬತ್ತು ಮಿಲಿಮೀಟರ್ ಇಳಿದಿತ್ತು.

ಸಿ.ಆರ್.ಪಿ. ಮಾತ್ರ ಏನೂ ಅರಿಯದಂತಿತ್ತು.
ಫೋನಿನಲ್ಲಿ ಡಾಕ್ಟರ್ ವಾಸಂತಿ ಕಾಮತ್:
“ಅದು ನಿಧಾನಕ್ಕೆ ಏಳುವ ಜಾತಿ. ನಾಳೆ ಮತ್ತೆ ಮಾಡಿ.
ಔಷಧಿ ಶುರು ಮಾಡಿದ್ದೀನಿ.”

ತೊಟ್ಟು ಹರಡಿ, ಬಣ್ಣ ಹಾಕಿ, ಎಣಿಸಲು ಕೂತೆ.
ಬಿಳಿಕಣಗಳಲ್ಲಿ ಬಲಿತವು ಕಡಿಮೆ,
ಇನ್ನೂ ಮಡಿಕೆ ಬೀಳದ ಎಳೆಯವೂ ಓಡಿ ಬಂದಿವೆ,
ಹಂದಿ ನುಗ್ಗಿದ ರಾತ್ರಿ ಗದ್ದೆಗೆ
ತಗಡಿನ ಡಬ್ಬ ಕೊಟ್ಟು ಹುಡುಗರನ್ನು ಅಟ್ಟಿದ ಹಾಗೆ.
ನೂರಕ್ಕೆ ಮೂವತ್ತೊಂದು. ಎರಡು ಸಲ ಎಣಿಸಿದೆ.

ಬೆಳಗ್ಗೆ ಕಿಟಕಿಯಲ್ಲಿ ಅಜ್ಜಿ, ಶಿರಾಳಕೊಪ್ಪದ ಕಡೆಯ ಮಾತು:
“ಅದರ ಮೈಯಾಗ ಇರೋದ ಎಷ್ಟೈತಪ್ಪ?
ನೋಡಿ ಉಳದಿದ್ದು ವಾಪಸ್ ಕೊಡ್ರಿ.”
ನಗಲಿಲ್ಲ ನಾನು. ಆಕೆಯ ಲೆಕ್ಕ ಸರಿಯಾಗಿತ್ತು.
ಇಡೀ ಮಗುವಿನಲ್ಲಿರುವುದು ಒಂದು ಲೋಟ ಕಾಫಿಯಷ್ಟು.
ಉಳಿದಿಲ್ಲ ಅಮ್ಮ, ಅಂದೆ.

ಆನವಟ್ಟಿಯಲ್ಲಿ ನಮ್ಮವ್ವ ಹೆತ್ತ ಮೊದಲನೆಯದು
ಒಂಬತ್ತನೆಯ ದಿನ ಹಾಲು ಬಿಟ್ಟಿತ್ತಂತೆ.
ಬಾಲಗ್ರಹ ಅಂದರು. ಭಸ್ಮ ಹಚ್ಚಿದರು.
ಯಾರ ದಡ್ಡತನವೂ ಅಲ್ಲ.
ಅದಕ್ಕೊಂದು ಹೆಸರು ಬೇಕಿತ್ತು,
ಮನೆಯಲ್ಲಿದ್ದುದನ್ನು ಕೊಟ್ಟರು.

ಎರಡನೆಯ ರಾತ್ರಿ ಸಿ.ಆರ್.ಪಿ. ಐವತ್ತೆರಡು. ಎದ್ದಿತ್ತು ಕೊನೆಗೂ.
ಸಾರು ತುಂಬಿದ ಬಾಟಲಿಯಲ್ಲಿ ಆ ರಕ್ತ
ಬೆಚ್ಚಗೆ ಓಲಾಡುತ್ತಿತ್ತು, ತೊಟ್ಟಿಲಿಗೆ ಹಾಕಿದಂತೆ.
ಮೂವತ್ತು ತಾಸಿಗೆ ಯಂತ್ರ ಕೂಗಿತು,
ಗುರುತು ಹಿಡಿಯಲು ಇನ್ನೊಂದು ದಿನ:
ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ.
ಹೆಸರು, ಮನೆತನ, ಎರಡೂ ಇವೆ ಆ ಕ್ರಿಮಿಗೆ.
ಮಗು ಇನ್ನೂ ಬೇಬಿ ಆಫ್ ಹಾಲಮ್ಮ.

ಔಷಧಿಗಳ ಪಟ್ಟಿಗೆ ಹದಿನಾಲ್ಕು ಸಾಲು, ಸಾಲಿಗೊಂದು ಅಕ್ಷರ.
ಅದೂ ಸಾಹೇಬರ ಪಾಠವೇ:
ಆರ್ ಅಂದರೆ ಆಗದು, ಎಸ್ ಅಂದರೆ ಸೋಲುತ್ತದೆ.
ಆರ್. ಆರ್. ಆರ್.
ಬೆರಳಿಟ್ಟುಕೊಂಡು ಇಳಿಯುತ್ತ ಹೋದೆ.
ಹನ್ನೆರಡನೆಯ ಸಾಲಿನಲ್ಲಿ ಒಂದು ಎಸ್.
ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ನಾನೇ ಕೊಟ್ಟು ಬಂದೆ,
ಬಾಗಿಲವರೆಗೆ ಮಾತ್ರ.

ಆಮೇಲೊಂದು ದಿನ ಅದೇ ಲೇಬಲ್ಲಿನ ಹೊಸ ಬಾಟಲಿ.
ಐದು ದಿನ ತೂಗಿದೆವು. ಯಂತ್ರ ಕೂಗಲಿಲ್ಲ.
ವರದಿಯಲ್ಲಿ ಬರೆದೆ: ಏನೂ ಬೆಳೆದಿಲ್ಲ.
ನಮ್ಮ ಕೋಣೆಯಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

ಮೇಲೆ ತಕ್ಕಡಿಯಲ್ಲಿ ಇಪ್ಪತ್ತು ಗ್ರಾಂ ಬೆಳೆದಿದೆಯಂತೆ.
ಗುತ್ಯಮ್ಮ ಒಂದು ಕೈಯಲ್ಲಿ ಅಳತೆ ತೋರಿಸಿದಳು,
ಹಿಡಿ ಅವಲಕ್ಕಿಯೂ ಅಲ್ಲ.
ಹೆಸರಿಟ್ಟರಾ, ಕೇಳಿದೆ.
“ಮನೆದೇವರನ್ನ ಕೇಳಬೇಕಂತೆ.”

ಅವಳ ಇನ್ನೊಂದು ಅಂಗೈ ಮುಚ್ಚಿಯೇ ಇತ್ತು.